ಮೀನಕ್ಕ ಕಂಡ ಬಣ್ಣ

ಅವಳ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಸೀಳು ಕೂಡಿಕೊಳ್ಳದೆ ಎರಡು ದಪ್ಪ ತುಂಡಾಗಿ ಬೆಳೆದ ಆ ಉಗುರಿನಿಂದಲೇ ಅವಳು ಬಂಗುಡೆಯ ಕಿವಿರು ಎತ್ತಿ ತೋರಿಸುತ್ತಿದ್ದಳು. ಒಳಗೆ ಕೆಂಪಗಿದ್ದರೆ ಮಾತಿಲ್ಲ. ಕಂದು ತಿರುಗಿದ್ದರೆ ನಾವು ಕೇಳುವ ಮೊದಲೇ ಹೇಳಿಬಿಡುತ್ತಿದ್ದಳು: "ಇದ್ ನಿನ್ನೆದ್. ಹುರುಕೆ ಆತ್ತ್, ಸಾರಿಗೆ ಬ್ಯಾಡ." ತನ್ನ ಮೀನನ್ನು ತಾನೇ ಹಳೆಯದೆಂದು ಹೇಳಿ ಮಾರುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವಳ ಮನೆ ಕೋಟದ ಪಡುಕರೆಯಲ್ಲಿ, ಸಮುದ್ರದ ಬದಿಗೆ. ನಾವಿದ್ದದ್ದು ಕೊಕ್ಕರ್ಣೆಯಲ್ಲಿ. ಬೆಳಿಗ್ಗೆ ದಡದಲ್ಲಿ ಮೀನು ತುಂಬಿಸಿಕೊಂಡು, ಎರಡು ಬಸ್ಸು ಬದಲಿಸಿ, ಬುಟ್ಟಿ ಎಲ್ಲಿಡಬೇಕೆಂದು ಎರಡೂ ಬಸ್ಸಿನ ಕಂಡಕ್ಟರುಗಳೊಡನೆ ಜಗಳವಾಡಿ, ಒಂಬತ್ತೂವರೆಯ ಹೊತ್ತಿಗೆ ನಮ್ಮ ಅಂಗಳಕ್ಕೆ ಬರುತ್ತಿದ್ದಳು. "ಹ್ವಾಯ್" ಎಂದು ಒಂದೇ ಸಲ ಕರೆಯುತ್ತಿದ್ದಳು. ಎರಡನೆಯ ಸಲ ಕರೆಯುವ ಪದ್ಧತಿ ಅವಳಲ್ಲಿರಲಿಲ್ಲ. ಮೂರು ತಲೆಮಾರಿನವರೂ ಅವಳನ್ನು ಮೀನಕ್ಕ ಎಂದೇ ಕರೆದದ್ದು. ಅವಳಿಗೂ ಒಂದು ಹೆಸರಿದ್ದೀತೆಂದು ನನಗೆ ಬಹಳ ವರ್ಷ ಹೊಳೆದೇ ಇರಲಿಲ್ಲ.

ನಾನು ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಗಂಡ ಮುಂಬೈಯ ಹೋಟೆಲೊಂದರಲ್ಲಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ. ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಮಗಳು ಹುಟ್ಟಿದಳು.

ಹೆರಿಗೆಯ ರಜೆ ಮುಗಿಯಲು ಬಂದಿತ್ತು. ಚೌತಿಯ ಆಸುಪಾಸು. ಎರಡೂವರೆ ತಿಂಗಳ ಮಗುವನ್ನು ಎತ್ತಿಕೊಂಡು ನಾನು ಜಗಲಿಗೆ ಬಂದೆ. ಮೀನಕ್ಕ ಬುಟ್ಟಿ ಇಳಿಸಿ, ತಲೆಯ ಸಿಂಬಿ ಬಟ್ಟೆಯಿಂದಲೇ ಮುಖ ಒರೆಸಿಕೊಂಡು, ಮೆಟ್ಟಿಲ ಕೆಳಗಿನಿಂದ ಮಗುವನ್ನು ನೋಡಿದಳು. ಕೈಯಲ್ಲಿ ಮೀನಿನ ವಾಸನೆಯೆಂದು ಅವಳು ಮಕ್ಕಳನ್ನು ಮುಟ್ಟುತ್ತಿರಲಿಲ್ಲ. ನೋಡುವುದಷ್ಟೇ. ಅವತ್ತು ಬಹಳ ಹೊತ್ತು ನೋಡಿದಳು.

"ಟೀಚ್ರೆ, ಮಗಿನ್ ತುಟಿ ಎಂತಕೆ ಹಾಂಗಿತ್ತ್?"

"ಮಳಿ ಥಂಡಿ ಅಲ್ದಾ" ಎಂದರು ಅತ್ತೆ ಒಳಗಿನಿಂದ. "ಅದ್ರಪ್ಪನ ಬಣ್ಣವೂ ಅಷ್ಟೇ."

"ಥಂಡಿ ಅಲ್ಲ ಅಮ್ಮ. ಉಗ್ರ್ ಕಾಣಿ. ಹಾಲ್ ಕುಡೂಕರೆ ಬೆವರ್ತತ್ತಾ?"

ಬೆವರುತ್ತಿತ್ತು. ಎರಡು ಗುಟುಕು ಕುಡಿದು ಸುಸ್ತಾಗಿ ಬಿಡುತ್ತಿತ್ತು. ಹಣೆಯ ಮೇಲೆ ಹನಿ ನಿಲ್ಲುತ್ತಿತ್ತು. ನಾನು ಅದನ್ನು ಸೆಖೆ ಎಂದುಕೊಂಡಿದ್ದೆ. ಚೌತಿಯ ಮಳೆಯಲ್ಲಿ ಎಲ್ಲಿಯ ಸೆಖೆ! ವರ್ಷಕ್ಕೆ ನಲವತ್ತು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡುವವಳಿಗೆ ತನ್ನ ಮಗು ಕಾಣಿಸಿರಲಿಲ್ಲ. ಆದರೂ ಮೀನು ಮಾರುವವಳೊಬ್ಬಳು ನನಗೆ ಹೇಳುವುದೇ ಎಂದು ಒಳಗೊಳಗೆ ಸಿಟ್ಟು ಬಂತು. "ಆತ್ತ್, ಮುಂದಿನ ವಾರ ಡಾಕ್ಟ್ರಿಗೆ ತೋರಿಸ್ತೆ. ಬಂಗುಡೆ ಕೊಡಿ" ಎಂದೆ.

ಅವಳು ಬುಟ್ಟಿಯ ಮೇಲೆ ಗೋಣಿತಟ್ಟು ಎಳೆದು ಮುಚ್ಚಿದಳು. "ನಿಮ್ಗೆ ಇವತ್ತ್ ಮೀನ್ ಕೊಡುದಿಲ್ಲೆ. ನಾಳೆಯೂ ಕೊಡುದಿಲ್ಲೆ. ಹೋಯ್ ಬನ್ನಿ, ಆಮೇಲೆ ಕೊಡ್ತೆ" ಎಂದು ಬುಟ್ಟಿ ಹೊತ್ತು ಹೊರಟೇಹೋದಳು. ಅತ್ತೆಗೆ ಎಲ್ಲಿಲ್ಲದ ಕೋಪ. ಮಗುವಿಗಿಂತ ಮೀನಿನ ಮೇಲೆ ಅವರಿಗೆ ಪ್ರೀತಿ ಎಂದಲ್ಲ. ಊರ ಎದುರು ಮರ್ಯಾದೆ ಹೋಯಿತಲ್ಲ ಎಂದು. ಆ ಕೋಪದ ಭರದಲ್ಲೇ ಅವರು, "ಹೋಯ್ ತೋರ್ಸಿ ಬಾ, ಅವ್ಳ್ ಬಾಯಿ ಮುಚ್ಚಿಸ್ವ" ಎಂದು ನನ್ನನ್ನು ಬ್ರಹ್ಮಾವರಕ್ಕೆ ಹೊರಡಿಸಿದರು.

ಬ್ರಹ್ಮಾವರದ ಡಾಕ್ಟರು ಮಗುವಿನ ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿದವರು ಮತ್ತೆ ಕುರ್ಚಿಯಲ್ಲಿ ಕೂರಲಿಲ್ಲ. ತಾವೇ ಹೊರಗೆ ಹೋಗಿ ಕಾರು ಗೊತ್ತುಮಾಡಿ ಬಂದರು. ದೊಡ್ಡ ಆಸ್ಪತ್ರೆ ತಲುಪುವಷ್ಟರಲ್ಲಿ ಮಗು ಅತ್ತು ಅತ್ತು ಪೂರ್ತಿ ನೀಲಿಯಾಗಿ, ಅಳುವುದನ್ನೂ ನಿಲ್ಲಿಸಿತ್ತು. ಅಲ್ಲಿಯ ನರ್ಸು ಅದನ್ನು ನನ್ನ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡು, ಎರಡೂ ಮೊಣಕಾಲು ಮಡಚಿ ಎದೆಗೊತ್ತಿ ಹಿಡಿದು, ಮೂಗಿಗೆ ಆಮ್ಲಜನಕ ಇಟ್ಟಳು. ಆಮೇಲೆ ಹೃದಯದ ಡಾಕ್ಟರು ಒಂದು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ದಾರಿ ಹುಟ್ಟಿನಿಂದಲೇ ತೀರ ಇಕ್ಕಟ್ಟು; ನಡುಗೋಡೆಯಲ್ಲಿ ತೂತು. ಈಗ ಮಾಡುವುದು ಪೂರ್ತಿ ರಿಪೇರಿ ಅಲ್ಲ. ಕೈಗೆ ಹೋಗುವ ರಕ್ತನಾಳದಿಂದ ಶ್ವಾಸಕೋಶದ ನಾಳಕ್ಕೆ ಒಂದು ಪುಟ್ಟ ಕೊಳವೆ ಜೋಡಿಸುತ್ತೇವೆ. ಮಗು ಹತ್ತು ಕೆ.ಜಿ. ತೂಗಲಿ, ದೊಡ್ಡ ಆಪರೇಷನ್ ಆಮೇಲೆ. ಅಲ್ಲಿಯವರೆಗೆ ಆ ಕೊಳವೆ ತೆರೆದಿರುವುದೇ ಮಗುವಿನ ಜೀವ ಎಂದರು. ಮರುದಿನವೇ ಕೊಳವೆ ಹಾಕಿದರು.

ಮೂರು ವಾರದ ಮೇಲೆ ಮಗುವನ್ನು ಮನೆಗೆ ತಂದ ದಿನ ಮೀನಕ್ಕ ಬಂದು, ಉಗುರು ನೋಡಿ, ಆರು ಬಂಗುಡೆ ಎಣಿಸಿ ಅತ್ತೆಯ ಪಾತ್ರೆಗೆ ಹಾಕಿದಳು. ಅತ್ತೆ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ರಾಜಿ ಆದದ್ದು ಹಾಗೆ.

ಬಿಡುಗಡೆಯ ಹೊತ್ತಿಗೆ ನರ್ಸು ಹೇಳಿದ ಮಾತುಗಳನ್ನೆಲ್ಲ ನಾನು ಟೀಚರ ಬುದ್ಧಿಗೆ ತಕ್ಕಂತೆ ಡ್ರಾಯಿಂಗ್ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿದ್ದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕಾಲು ಭಾಗ ಮಾತ್ರೆ ಒಂದು ದಿನವೂ ತಪ್ಪಬಾರದು. ಬೆಳಿಗ್ಗೆ ಉಗುರು ಒತ್ತಿ ನೋಡಬೇಕು. ಜ್ವರ ಬಂದರೆ ಕಾಯಬಾರದು. ವಾಂತಿಯೋ ಭೇದಿಯೋ ಆದರೆ, ಮಗು ಕುಡಿಯದಿದ್ದರೆ, ಅದೇ ದಿನ ಕರೆತರಬೇಕು. ಮೈಯ ನೀರು ಆರಿದರೆ ರಕ್ತ ಮಂದವಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಹಲ್ಲು ಬಂದ ಮೇಲೆ ಬಾಯಿ ಸ್ವಚ್ಛವಿಡಬೇಕು. ಒಟ್ಟು ಐದು. ಬಣ್ಣದ ಪೆನ್ಸಿಲಿನಿಂದ ಅಂಚು ಕೂಡ ಹಾಕಿದ್ದೆ, ತಪಾಸಣೆಗೆ ಇನ್‌ಸ್ಪೆಕ್ಟರು ಬರುತ್ತಾರೋ ಎಂಬಂತೆ.

ಮೀನಕ್ಕನಿಗೆ ಓದು ಬರುತ್ತಿರಲಿಲ್ಲ. "ಅದ್ರಗೆ ಎಂತ ಬರ್ದಿದ್ರಿ, ಓದಿ" ಎಂದಳು. ಓದಿದೆ. ಮರುದಿನ ಮತ್ತೆ ಓದಿಸಿದಳು. ಹೀಗೆ ಒಂದು ವಾರ. ಬೆರಳಿನ ಗೆಣ್ಣು ಗೆಣ್ಣಿಗೆ ಒಂದೊಂದು ಮಾತು ಇಟ್ಟುಕೊಂಡಳು. ಎಂಟನೆಯ ದಿನದಿಂದ ಪಾತ್ರ ಬದಲಾಯಿತು. ಅವಳು ಮೇಷ್ಟ್ರು, ನಾನು ವಿದ್ಯಾರ್ಥಿ.

"ಮೂರ್ನೆದ್ ಹೇಳಿ ಕಾಂಬ, ಟೀಚ್ರೆ."

"ಜ್ವರ ಬಂದ್ರೆ ಕಾಯುಕಾಗ."

"ಮಾತ್ರಿ ಕೊಟ್ರ್ಯಾ?"

"ಕೊಟ್ಟೆ ಅಕ್ಕ."

"ಯಾರ್ ಕಂಡದ್ದ್?" ಅತ್ತೆ ಕಂಡಿದ್ದಾರೆಂದು ಸಾಕ್ಷಿ ಸಿಗುವವರೆಗೆ ಅವಳು ಬುಟ್ಟಿಯ ತಟ್ಟು ತೆಗೆಯುತ್ತಿರಲಿಲ್ಲ. ನನಗೆ ಒಮ್ಮೊಮ್ಮೆ ತಲೆ ಕೆಟ್ಟುಹೋಗುತ್ತಿತ್ತು. ಆದರೆ ಯಾರಾದರೂ ಬಂದು ಕೇಳುತ್ತಾರೆ ಎಂಬ ಹೆದರಿಕೆಗೇ ಒಂದು ದಿನವೂ ಮಾತ್ರೆ ತಪ್ಪಲಿಲ್ಲ. ಗಂಡ ದೂರದಲ್ಲಿ, ತವರು ಬೈಂದೂರಿನಲ್ಲಿ. ದಿನವೂ ಬಂದು ವಿಚಾರಿಸುವ ಮನುಷ್ಯರೆಂದರೆ ಅವಳೊಬ್ಬಳೇ. ನಾನು ಶಾಲೆಗೆ ಹೋಗತೊಡಗಿದ ಮೇಲೆ ಅವಳ ಪರೀಕ್ಷೆಗೆ ಅತ್ತೆ ಕೂರಬೇಕಾಯಿತು. ಶನಿವಾರ ಅಂಗನವಾಡಿಯ ತಕ್ಕಡಿಯಲ್ಲಿ ತೂಗಿದ ಮಗಳ ತೂಕ ಸೋಮವಾರ ಅವಳಿಗೆ ಒಪ್ಪಿಸಬೇಕಿತ್ತು. ಕಾಲು ಕಿಲೋ ಏರಿದ್ದರೆ ಇನ್ನೊಂದು ಎಲೆಯಡಿಕೆ ಹಾಕಿಕೊಂಡು, "ಒಳ್ಳೇದಾಯ್ತ್" ಎನ್ನುತ್ತಿದ್ದಳು. ಏರದಿದ್ದರೆ ಅತ್ತೆಯನ್ನೂ ನನ್ನನ್ನೂ ಒಟ್ಟಿಗೆ ಬೈಯುತ್ತಿದ್ದಳು.

ಮಗಳಿಗೆ ಎರಡು ತುಂಬುವ ಮುಂಚಿನ ಮೇ ತಿಂಗಳು. ಒಂಬತ್ತು ಕೆ.ಜಿ. ದಾಟಿದ್ದಳು. ಬೈಂದೂರಿನಲ್ಲಿ ನನ್ನ ತಮ್ಮನ ಮದುವೆ. ಮುನ್ನಾದಿನ ಮನೆಯ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಅಕ್ಕಂದಿರು ಮದರಂಗಿ ಹಚ್ಚುತ್ತಿದ್ದರು. ಅಂಗೈಗೆ ಒಂದು ಉಂಡೆ, ಬೆರಳ ತುದಿಗಳಿಗೆಲ್ಲ ಟೊಪ್ಪಿ, ಕಾಲಿನ ಬೆರಳಿಗೂ ಅಷ್ಟೇ. ಮಗಳು ತಾನಾಗಿಯೇ ಹೋಗಿ ಸಾಲಿನಲ್ಲಿ ಕೂತು ಎರಡೂ ಕೈ ಚಾಚಿದಳು. ಅಲ್ಲಿಯವರೆಗೆ ಅವಳನ್ನು ಯಾವ ಸಾಲಿನಲ್ಲೂ ನಾನು ಕೂರಿಸಿರಲಿಲ್ಲ. ಧೂಳು, ಸೆಖೆ, ನೂಕು ಎಂದು ಎತ್ತಿಕೊಂಡೇ ತಿರುಗಿದ್ದೆ. ಎಲ್ಲ ಮಕ್ಕಳಂತೆ ಕೂತಿದ್ದನ್ನು ನೋಡಿ ನನಗೆ ಕಣ್ಣು ತುಂಬಿತು. "ಇವ್ಳಿಗೆ ಇನ್ನೊಂಚೂರು ಹಚ್ಚು" ಎಂದು ಅಕ್ಕನಿಗೆ ಹೇಳಿದವಳು ನಾನೇ. ಬೆಳಿಗ್ಗೆ ಇಪ್ಪತ್ತು ಬೆರಳೂ ಕೆಂಪಗೆ ಹತ್ತಿದ್ದವು.

ಮದುವೆ ಮುಗಿಸಿ ಬಸ್ಸಿನಲ್ಲಿ ಹಿಂತಿರುಗುವಾಗ ಮಗಳು ಮೂರು ಸಲ ವಾಂತಿ ಮಾಡಿದಳು. ಬಸ್ಸಿನಲ್ಲಿ ಯಾವ ಮಗು ವಾಂತಿ ಮಾಡುವುದಿಲ್ಲ! ಮರುದಿನ ಬೆಳಿಗ್ಗೆ ಎರಡು ಸಲ ಭೇದಿಯಾಯಿತು. ಮದುವೆಯ ಊಟ ಎಂದುಕೊಂಡೆ. ಅತ್ತೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದರು. ಮಗಳು ನೀರು ಬೇಡವೆಂದು ಮುಖ ತಿರುಗಿಸಿ ಚಾಪೆಯ ಮೇಲೆ ಸುಮ್ಮನೆ ಮಲಗಿದಳು. ನಾನು ಅಭ್ಯಾಸದಂತೆ ಉಗುರು ಒತ್ತಿ ನೋಡಿದೆ. ಕೆಂಪಗಿತ್ತು. ತುಟಿ ಮೊದಲಿನಿಂದಲೂ ಸ್ವಲ್ಪ ಕಪ್ಪೇ ಇದ್ದುದರಿಂದ ನಾವು ಅದನ್ನು ಲೆಕ್ಕಕ್ಕಿಡುತ್ತಿರಲಿಲ್ಲ. ನಮಗೆ ಉಗುರೇ ಪ್ರಮಾಣ. ಉಗುರು ಕೆಂಪಗಿದೆಯಲ್ಲ ಎಂದು ಸಮಾಧಾನ ಪಟ್ಟುಕೊಂಡು ಬಟ್ಟೆ ಒಗೆಯಲು ಹೋದೆ.

ಒಂಬತ್ತೂವರೆಗೆ "ಹ್ವಾಯ್" ಕೇಳಿಸಿತು. ನಾನು ಒದ್ದೆ ಕೈಯಲ್ಲೇ ಬಂದೆ.

"ಎಂತ ಮಗು ಮನ್ಕಂಡಿತ್ತ್?"

"ಮದಿಗೆ ಹೋಯ್ ಬಂದದ್ದ್ ಅಲ್ದಾ ಅಕ್ಕ, ಸುಸ್ತ್. ನಿನ್ನೆಯಿಂದ ಹೊಟ್ಟೆ ಸಮ ಇಲ್ಲೆ. ಉಗ್ರ್ ಕಂಡೆ, ಕೆಂಪಿತ್ತ್."

ಅವಳು ಮೆಟ್ಟಿಲ ಕೆಳಗಿನಿಂದ ಮಗುವಿನ ಕೈ ನೋಡಿದಳು, ಕಾಲು ನೋಡಿದಳು. ಬುಟ್ಟಿಯನ್ನು ಇಳಿಸಿದ್ದಲ್ಲ, ಬಿಟ್ಟಳು ಎನ್ನಬೇಕು. "ಇದೆಂತ ಮಾಡಿದ್ರಿ ಟೀಚ್ರೆ? ಕಾಂಬುಕಿಪ್ಪ ಉಗ್ರನ್ನೇ ಮದರಂಗಿ ಹಚ್ಚಿ ಮುಚ್ಚಿ ಹಾಕಿದ್ರಿಯಲ್ಲ" ಎಂದು ಬಾವಿಕಟ್ಟೆಗೆ ಹೋಗಿ, ನಾನು ಬಟ್ಟೆಗೆ ಹಚ್ಚುತ್ತಿದ್ದ ಸಾಬೂನಿನಿಂದ ಮೊಣಕೈವರೆಗೆ ತಿಕ್ಕಿ ತೊಳೆದು ಬಂದಳು. ಮೊದಲ ಸಲ ನನ್ನ ಮಗಳನ್ನು ಮುಟ್ಟಿದಳು. ಕೆಳತುಟಿಯನ್ನು ಮೆಲ್ಲಗೆ ಎಳೆದು ವಸಡು ನೋಡಿದಳು. ನಾನೂ ನೋಡಿದೆ. ಅದು ಕೆಂಪಿರಲಿಲ್ಲ, ಮಸಿ ಕಲಸಿದ ಹಾಗಿತ್ತು. ಮಗಳು ಮುಟ್ಟಿಸಿಕೊಂಡು ಅಳಲೂ ಇಲ್ಲ.

"ನಾಲ್ಕನೆದ್ ಹೇಳಿ ಕಾಂಬ" ಎಂದಳು ಮೀನಕ್ಕ.

ನಾನು ಬಾಗಿಲತ್ತ ತಿರುಗಿದೆ. ಬಾಗಿಲ ಹಿಂದೆ ನನ್ನದೇ ಅಕ್ಷರದಲ್ಲಿ ಅಂಟಿತ್ತು. ಅವಳೇ ಹೇಳಿದಳು, ಗೆಣ್ಣು ಹಿಡಿದು, ಒಂದು ಶಬ್ದ ಬಿಡದೆ. ಹೇಳಿ ಮುಗಿಸಿದವಳು, "ಹೋಪ ಏಳಿ. ಈಗ್ಳೇ ಹೋಯ್ಕ್" ಎಂದಳು.

ಪಕ್ಕದ ಮನೆಯವರ ಅಂಬಾಸಿಡರ್ ಕಾರು ಪುಣ್ಯಕ್ಕೆ ಅಂಗಳದಲ್ಲೇ ಇತ್ತು. ಮೀನಕ್ಕ ಕೇಳದೆಯೇ ಹತ್ತಿ ಕೂತಳು. ಅತ್ತೆ ಉಪ್ಪು ಸಕ್ಕರೆ ಕದಡಿದ ನೀರನ್ನು ಲೋಟದಲ್ಲಿ ಕೊಟ್ಟರು. ದಾರಿಯುದ್ದಕ್ಕೂ ಅವಳು ನನ್ನಿಂದ ಅದನ್ನು ಚಮಚದಲ್ಲಿ ಹನಿ ಹನಿಯಾಗಿ ಮಗಳ ಬಾಯಿಗೆ ಬಿಡಿಸಿದಳು. ಅರ್ಧ ಚೆಲ್ಲುತ್ತಿತ್ತು. "ಚೆಲ್ಲಲಿ, ಬಿಡಿ, ಇನ್ನೊಂದ್ ಹಾಕಿ" ಎನ್ನುತ್ತಿದ್ದಳು. ಆ ದಿನದ ಅವಳ ಮೀನು ನಮ್ಮ ಅಂಗಳದಲ್ಲಿ ಬೆಕ್ಕು ಕಾಗೆಗಳ ಪಾಲಾಯಿತು.

ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು ಹಿಡಿದು ಬಂದ ನರ್ಸು ಮದರಂಗಿ ನೋಡಿ ಒಂದು ಕ್ಷಣ ನಿಂತಳು. ಕ್ಲಿಪ್ಪನ್ನು ಕಿವಿಯ ಹಾಲೆಗೆ ಸಿಕ್ಕಿಸಿದಳು. ಯಂತ್ರ ತೋರಿಸಿದ ಅಂಕಿ ನೋಡಿದವರೆಲ್ಲ ಓಡಾಡತೊಡಗಿದರು. ಕೊಳವೆ ಹೆಚ್ಚುಕಡಿಮೆ ಕಟ್ಟಿಕೊಂಡಿದೆ, ತೊಡೆಯ ರಕ್ತನಾಳದಿಂದ ಸಣ್ಣ ತಂತಿ ಕಳಿಸಿ, ತುದಿಯ ಬಲೂನು ಉಬ್ಬಿಸಿ ತೆರೆಯಲು ನೋಡುತ್ತೇವೆ, ಆಗದಿದ್ದರೆ ಎದೆ ತೆರೆಯಬೇಕು ಎಂದರು. ಎಲ್ಲಿ ಸಹಿ ಹಾಕಬೇಕೆಂದು ತೋರಿಸಿದಲ್ಲಿ ಹಾಕಿದೆ.

ಆಮೇಲೆ ಐದು ಗಂಟೆಗಳ ಕಾಯುವಿಕೆ. ಉದ್ದನೆಯ ಬೆಂಚಿನ ಮೇಲೆ ನಾನು, ಪಕ್ಕದಲ್ಲಿ ಅವಳು. ಅವಳ ಸೀರೆಗೆ ಮೀನಿನ ವಾಸನೆ. ಎದುರಿನ ಬೆಂಚಿನವರು ಎದ್ದು ದೂರ ಹೋದರು. ಅವಳು ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ. ನಾನು ಅಳುತ್ತಿದ್ದೆ, ನಿಲ್ಲಿಸುತ್ತಿದ್ದೆ, ಮತ್ತೆ ಅಳುತ್ತಿದ್ದೆ. ಯಾವುದೋ ಹೊತ್ತಿನಲ್ಲಿ, ಸುಮ್ಮನೆ ಏನಾದರೂ ಮಾತಾಡಬೇಕೆಂದು ಕೇಳಿದೆ: "ಅಕ್ಕ, ಅವತ್ತ್ ಅಷ್ಟ್ ದೂರದಿಂದ ಮಗಿನ್ ಬಣ್ಣ ಸಮ ಇಲ್ಲೆ ಅಂದೇಳಿ ನಿಮ್ಗೆ ಹ್ಯಾಂಗ್ ಗೊತ್ತಾಯ್ತ್?"

ಅವಳು ನನ್ನತ್ತ ತಿರುಗದೆ ಸಂಚಿಯಿಂದ ಒಂದು ಎಲೆ ತೆಗೆದು ಒರೆಸಿದಳು. "ನಲ್ವತ್ತ್ ವರ್ಷ ಮೀನಿನ್ ಕಿವಿರ್ ಎತ್ತಿ ಕಂಡವ್ಳ್ ನಾನ್. ಮನ್ಷ್ಯರದ್ದ್ ಗೊತ್ತಾತ್ತಿಲ್ಯಾ ಮಾರಾಯ್ತಿ?" ಎಂದು ನಕ್ಕಳು. ಮಗಳು ಒಳಗೆ ಮಲಗಿದ್ದಾಗ, ಆ ಬೆಂಚಿನ ಮೇಲೆ, ನನಗೂ ನಗು ಬಂತು. ನಕ್ಕ ಮೇಲೆ ಉಸಿರು ಸ್ವಲ್ಪ ಸರಾಗವಾಯಿತು.

ಸಂಜೆ ಡಾಕ್ಟರು ಹೊರಗೆ ಬಂದು, ಕೊಳವೆ ತೆರೆಯಿತು, ಬಣ್ಣ ಬರುತ್ತಿದೆ ಎಂದರು. ಇನ್ನೆರಡು ಗಂಟೆ ತಡವಾಗಿದ್ದರೆ ಎಂದು ಶುರುಮಾಡಿದವರು ನನ್ನ ಮುಖ ನೋಡಿ ಮಾತನ್ನು ಅಲ್ಲಿಗೇ ಬಿಟ್ಟು ಒಳಗೆ ಹೋದರು.

ಮುಂದಿನ ವರ್ಷ ದೊಡ್ಡ ಆಪರೇಷನ್ ಆಯಿತು. ತೂತು ಮುಚ್ಚಿದರು, ದಾರಿ ಅಗಲ ಮಾಡಿದರು. ಎದೆಯ ಗಾಯ ಮಾಗಿ, ಮೊದಲ ಆರು ತಿಂಗಳ ತಪಾಸಣೆ ಮುಗಿದ ಮೇಲೆ ನಾನು ಮಗಳನ್ನು ಕರೆದುಕೊಂಡು ಪಡುಕರೆಗೆ ಹೋದೆ. ಮೀನಕ್ಕ ಮನೆಯೆದುರು ಒಣಮೀನು ತಿರುವುತ್ತಿದ್ದಳು. ಕೂರಿ ಎನ್ನಲಿಲ್ಲ, ನೀರು ಕೊಡಲಿಲ್ಲ. ಮಗಳಿಗೆ, "ಹೆಣ್ಣೆ, ಓಡ್ ಕಾಂಬ" ಎಂದಳು. ಮಗಳು ನನ್ನ ಮುಖ ನೋಡಿದಳು. ಅಲ್ಲಿಯವರೆಗೆ ನಾನು ಓಡಬೇಡ ಎಂದೇ ಹೇಳಿದ್ದೆ. ಡಾಕ್ಟರು ಓಡಬಹುದು ಎಂದಿದ್ದರು, ನನ್ನ ನಾಲಿಗೆಗೆ ಇನ್ನೂ ಬಂದಿರಲಿಲ್ಲ. ಓಡು ಎಂದೆ. ಅವಳು ತೆಂಗಿನ ಮರದವರೆಗೆ ಓಡಿ, ಮುಟ್ಟಿ, ನಗುತ್ತಾ ಹಿಂದೆ ಓಡಿಬಂದಳು. ಮೊದಲಿನಂತೆ ಸುಸ್ತಾಗಿ ನಡುವೆ ಕುಕ್ಕರಿಸಲಿಲ್ಲ, ಏದುಸಿರು ಬಿಡಲಿಲ್ಲ. ಮೀನಕ್ಕನ ಕಣ್ಣು ಮೂಗು ಎಲ್ಲ ಒದ್ದೆಯಾಗಿತ್ತು. ಎಲೆಯಡಿಕೆ ನೆತ್ತಿಗೇರಿತು ಎಂದು ಗಟ್ಟಿಯಾಗಿ ಕೆಮ್ಮಿದಳು.

ಮೀನಿನ ಕಿವಿರು ನೋಡಿ ಮಗುವಿನ ಹೃದಯದ ಕಾಯಿಲೆ ಹಿಡಿದವಳ ಕಥೆಯನ್ನು ನಾನು ಎಷ್ಟು ಕಡೆ ಹೇಳಿದ್ದೇನೋ ಲೆಕ್ಕವಿಲ್ಲ. ಶಿಕ್ಷಕರ ತರಬೇತಿಗಳಲ್ಲಿ, ಮದುವೆ ಮನೆಗಳಲ್ಲಿ, ಆಸ್ಪತ್ರೆಯ ಸರದಿಯಲ್ಲಿ ಕೂತ ಬೇರೆ ತಾಯಂದಿರಿಗೆ. ಅವಳ ಉತ್ತರವನ್ನು ಅವಳ ಧಾಟಿಯಲ್ಲೇ ಹೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಕಥೆ ಹೇಳುವುದರಲ್ಲಿ ನಾನು ಜಾಣೆ ಎಂಬ ಹಮ್ಮು ಬೇರೆ.

ಬರಬರುತ್ತ ಅವಳ ಮೊಣಕಾಲು ಕೈಕೊಟ್ಟಿತು. ಐಸ್ ಪೆಟ್ಟಿಗೆ ಕಟ್ಟಿದ ಬೈಕಿನಲ್ಲಿ ಮೀನು ಮನೆ ಬಾಗಿಲಿಗೆ ಬರತೊಡಗಿತು. ವರ್ಷಕ್ಕೆ ಒಂದೆರಡು ಸಲ ನಾವೇ ಹೋಗಿ ನೋಡಿಬರುತ್ತಿದ್ದೆವು. ಆಮೇಲೆ ಅದೂ ತಪ್ಪಿತು. ನನ್ನ ವರ್ಗಾವಣೆ, ಮಗಳ ಹೈಸ್ಕೂಲು ಎಂದು ನೆಪಕ್ಕೇನು ಬರ. ಬೈಕಿನ ಮೀನಿನವರೇ ಒಂದು ದಿನ ಹೇಳಿದರು, ಅವಳು ತೀರಿಕೊಂಡು ತಿಂಗಳಾಯಿತೆಂದು.

ಆ ಭಾನುವಾರ ಮಗಳೊಡನೆ ಪಡುಕರೆಗೆ ಹೋದೆ. ಮಗಳು ಆಗ ಒಂಬತ್ತನೆಯ ತರಗತಿ. ಮೀನಕ್ಕನ ಮಗ, ದೋಣಿಗೆ ಹೋಗುವವರು, ಮನೆಯಲ್ಲಿದ್ದರು. ಮಗಳನ್ನು ಕಂಡೊಡನೆ ಗುರುತು ಹಿಡಿದರು. "ಅಮ್ಮ ನಿಮ್ಮ್ ಸುದ್ದಿ ಹೇಳ್ದೆ ಇದ್ದ್ ದಿನ ಇಲ್ಲೆ" ಎಂದು ನಮಗೆ ಚಾಪೆ ಹಾಸಿದರು. ಮಾತಿನ ನಡುವೆ ನಾನು ನನ್ನ ಹಳೆಯ ಕಥೆಯನ್ನೇ ತೆಗೆದೆ. ಮೀನಿನ ಕಿವಿರು ಕಂಡವಳು ಎಂದಾಗ ಅವರು ನಗಲಿಲ್ಲ.

"ಅದ್ ಮೀನಿಂದಲ್ಲ ಟೀಚ್ರೆ. ಅಣ್ಣಂದ್ ಹಾಂಗೆ ಆಯ್ತಲ್ದಾ, ಅದ್ಕೇ ಅಮ್ಮಂಗೆ ಗೊತ್ತಾದ್ದ್."

"ಯಾವ ಅಣ್ಣ?"

"ನಾನ್ ಹುಟ್ಟುಕ್ ಮುಂಚೆ ಒಬ್ಬ ಇದ್ದನಂಬ್ರ್. ಉಗ್ರ್, ತುಟಿ ಎಲ್ಲ ನೀಲಿ. ಹಾಲ್ ಕುಡೂಕರೆ ಬೆವರ್ತಿತ್ತಂಬ್ರ್. ಅಪ್ಪನ ಬಣ್ಣ ಅಂದ್ರ್, ಗಾಳಿ ಥಂಡಿ ಅಂದ್ರ್. ವರ್ಷ ತುಂಬ್ಲಿಲ್ಲೆ, ಅಮ್ಮನ ಮಡಿಲಲ್ಲೇ ಹೋಯ್ತಂಬ್ರ್." ನನ್ನತ್ತ ತಿರುಗಿ, "ನಿಮ್ಗೆ ಹೇಳಿರ್ಲಿಲ್ಯಾ?" ಎಂದರು.

ಹೇಳಿರಲಿಲ್ಲ. ನನ್ನ ಮಗಳದ್ದೇ ಕಾಯಿಲೆಯೋ ಬೇರೆಯೋ, ಆ ಮಗುವನ್ನು ಯಾವ ಡಾಕ್ಟರೂ ನೋಡಿದ್ದಲ್ಲ. ಹೆಸರೇನಿಟ್ಟಿದ್ದರು ಎಂದು ನನ್ನ ಮಗಳು ಮೆಲ್ಲಗೆ ಕೇಳಿದಳು. ಅವರಿಗೂ ಗೊತ್ತಿರಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಆ ಐದು ಗಂಟೆಯೂ ಅವಳು ನನ್ನ ಪಕ್ಕದಲ್ಲಿ ಕೂತಿದ್ದಳು. ಒಳಗೆ ನನ್ನ ಮಗಳು. ಅವಳ ಮನಸ್ಸಿನಲ್ಲಿ ಯಾರಿದ್ದರು ಎಂದು ಈಗ ತಿಳಿಯುತ್ತಿದೆ. ಹೇಗೆ ಗೊತ್ತಾಯಿತೆಂದು ನಾನು ಬಾಯಿಬಿಟ್ಟು ಕೇಳಿದಾಗ ನಿಜ ಹೇಳಿದ್ದರೆ, ಇಂಥ ಮಕ್ಕಳು ಸಾಯುತ್ತವೆ ಎಂದು ಹೇಳಿದಂತೆಯೇ ಆಗುತ್ತಿತ್ತು. ನಾನು ಆ ಬೆಂಚಿನ ಮೇಲೆ ಉಳಿಯುತ್ತಿರಲಿಲ್ಲ. ಅವಳು ಎಲೆ ಒರೆಸಿಕೊಂಡು ನನ್ನನ್ನು ನಗಿಸಿದಳು.